ರೇಷ್ಮೆಗೆ ಮೀಸಲಾದ ಬಾವಿ

ಚಿಕ್ಕಂದಿನಲ್ಲಿ ನಾನು ಬಾವಿಕಟ್ಟೆಯ ಮೇಲೆ ಬಗ್ಗಿದಾಗಲೆಲ್ಲ ನಮ್ಮಜ್ಜಿ ಹಿಂದಿನಿಂದ ಕೂಗುತ್ತಿದ್ದರು: “ನೀರಿಗೆ ಉಗುಳಬೇಡ ಕಣೋ, ಗಂಗಮ್ಮ ನೋಡ್ತಾ ಇರ್ತಾಳೆ.” ನಾನು ನಂಬಿದ್ದೆ. ಕನ್ನಡದಲ್ಲಿ ಎಂ.ಎ. ಮುಗಿಸಿ, ಪಾಠ ಹೇಳುವ ಕೆಲಸ ಎಲ್ಲಿಯೂ ದೊರೆಯದೆ, ಸಂಸ್ಥಾನದ ನೈರ್ಮಲ್ಯ ಇಂಜಿನಿಯರೊಬ್ಬರ ಕೈಕೆಳಗೆ ಸಹಾಯಕನಾಗಿ ಸೇರುವವರೆಗೂ ನಂಬಿದ್ದೆ. ಈಗ ಅಜ್ಜಿ ಇದ್ದಿದ್ದರೆ ಒಂದು ಮಾತು ಕೇಳುತ್ತಿದ್ದೆ. ಗಂಗಮ್ಮ ನೋಡುತ್ತಿರುವುದು ನಿಜವಾದರೆ, ಚನ್ನಪಟ್ಟಣ, ಕ್ಲೋಸ್‌ಪೇಟೆ, ಕಾನಕಾನಹಳ್ಳಿ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಕಡೆಗೆ ಆಕೆ ಬೆನ್ನು ತಿರುಗಿಸಿ ಕುಳಿತಿರುವುದೇಕೆ?

ನನ್ನ ಕೆಲಸ ಇಷ್ಟೇ. ಚರಂಡಿ, ಬಾವಿ, ಕಕ್ಕಸುಗಳ ವಿಷಯವಾಗಿ ಇಂಜಿನಿಯರು ಇಂಗ್ಲಿಷಿನಲ್ಲಿ ಯೋಚಿಸಿದ್ದನ್ನು ನಾನು ಜನರಿಗೆ ತಿಳಿಯುವ ಕನ್ನಡದಲ್ಲಿ ಹೇಳಬೇಕು. ತಿಳಿಗನ್ನಡದಲ್ಲಿ ಹೇಳಿದರೆ ತಿಳಿನೀರು ತಾನಾಗಿ ಬಂದೀತೆಂದು ಆಗ ನನಗೆ ದೃಢವಾದ ವಿಶ್ವಾಸವಿತ್ತು. ಆ ವಿಶ್ವಾಸವನ್ನು ಕಂಡು ನಗುವ ಪ್ರಸಂಗಗಳು ವಾರಕ್ಕೊಂದರಂತೆ ನಡೆಯುತ್ತಲೇ ಬಂದವು. ನಗು ಬಂದವರು ನಗಬಹುದು. ನಮ್ಮ ಇಂಜಿನಿಯರು ಮಾತ್ರ ನಗಲಿಲ್ಲ.

೧. ಎರಡು ಬಾವಿಗಳು

ಚನ್ನಪಟ್ಟಣದಲ್ಲಿ ಬಣ್ಣದ ಗೊಂಬೆ ಮಾಡುವವರ ಬೀದಿಯೊಂದಿದೆ. ಅದರ ತಲೆಯ ಭಾಗದಲ್ಲಿ ಒಂದು ಬಾವಿ, ಕೊನೆಯಲ್ಲಿ ಇನ್ನೊಂದು. ಎರಡೂ ಊರವರ ದುಡ್ಡಿನಿಂದ ತೋಡಿದವು. ಮೇಲಿನ ಬಾವಿಯ ನೀರು ಸಿಹಿ. ಪಕ್ಕದಲ್ಲಿಯೇ ರೇಷ್ಮೆ ನೂಲು ತೆಗೆಯುವ ಕೊಟ್ಟಿಗೆಗಳಿವೆ. ಗೂಡುಗಳನ್ನು ಬೇಯಿಸಿ ನೂಲು ಬಿಚ್ಚಿದ ಮೇಲೆ ಉಳಿಯುವ ನೀರು, ಸತ್ತ ಹುಳುಗಳ ಸಮೇತ, ತೆರೆದ ಚರಂಡಿಯಲ್ಲಿ ಬೀದಿಯುದ್ದಕ್ಕೂ ಹರಿದು ಕೆಳಗಿನ ಬಾವಿಯ ಬುಡದಲ್ಲಿ ಇಂಗುತ್ತದೆ. ಮೇಲಿನ ಬಾವಿ ರೇಷ್ಮೆಗೆ ಮೀಸಲು, ಕೆಳಗಿನದು ಮನುಷ್ಯರಿಗೆ.

ಆ ಬೀದಿಯ ಹಿರಿಯರು ಒಬ್ಬ ಗೊಂಬೆ ಸಾಹೇಬರು. ತಿರುಗಣಿಯಲ್ಲಿ ಮರವನ್ನು ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಬುಗುರಿ, ಗಿಲಕಿಗಳನ್ನು ಮಾಡುತ್ತಿದ್ದರು. ಹಿಂದಿನ ಬೇಸಿಗೆಯಲ್ಲಿ ವಾಂತಿಭೇದಿಯಾಗಿ ಅವರ ಮೊಮ್ಮಗ ತೀರಿಕೊಂಡಿದ್ದ. ಮೊಮ್ಮಗಳೊಬ್ಬಳು ಉಳಿದಿದ್ದಳು.

“ನನ್ನ ಬಣ್ಣ ಮಗು ಬಾಯಿಗೆ ಇಟ್ಕೊಂಡ್ರೂ ಏನೂ ಆಗಾಕಿಲ್ಲ, ಮೇಷ್ಟ್ರೇ,” ಎಂದರು ಸಾಹೇಬರು. ಕೋಟು ಹಾಕಿ ಕನ್ನಡ ಮಾತನಾಡುವವನು ಮೇಷ್ಟರೇ ಇರಬೇಕೆಂದು ಅವರ ಎಣಿಕೆ. “ಈ ನೀರಿನ ಮಾತು ಹಂಗಲ್ಲ. ಬರೋ ಬೇಸಿಗೆ ಒಳಗೆ ಈ ಚರಂಡಿನ ಒಸಿ ಆ ಕಡೀಕೆ ತಿರುಗಿಸಿಕೊಡಿ. ನಂಗೆ ಇನ್ನೇನೂ ಬ್ಯಾಡ.”

ಇಂಜಿನಿಯರು ನೆಲದ ಇಳಿಜಾರನ್ನು ಅಳೆದರು. ತಿರುಗಿಸುವುದು ಕಷ್ಟವಿರಲಿಲ್ಲ. ಅಲ್ಲಿಯವರೆಗೆ ಬೀದಿಯವರು ಮೇಲಿನ ಬಾವಿಯಿಂದ ನೀರು ಸೇದಲಿ ಎಂದು ಸಲಹೆ ಬರೆದುಕೊಂಡು ನಾವಿಬ್ಬರೂ ಮುನಿಸಿಪಲ್ ಪ್ರೆಸಿಡೆಂಟರ ಬಳಿಗೆ ಹೋದೆವು. ನೂಲಿನ ಕೊಟ್ಟಿಗೆಗಳು ಅವರವೇ ಎಂಬುದು ಅವರ ಮನೆಯ ಬಾಗಿಲು ತಟ್ಟಿದ ಮೇಲೆ ತಿಳಿಯಿತು.

“ಅಯ್ಯೋ, ಅದಾಗುವುದಿಲ್ಲ,” ಎಂದು ಅವರು ಬಹು ಮರ್ಯಾದೆಯಿಂದ ಹೇಳಿದರು. “ಗೊಂಬೆಯವರ ಕೈಯಲ್ಲಿ ಸದಾ ಬಣ್ಣ. ಅವರ ಹಗ್ಗ, ಬಿಂದಿಗೆಗಳಲ್ಲೂ ಬಣ್ಣ. ನೀರಿಗೆ ಒಂದು ತೊಟ್ಟು ಬಿದ್ದರೂ ನೂಲು ಕೆಟ್ಟುಹೋಗುತ್ತದೆ. ರೇಷ್ಮೆ ಬಹಳ ನಾಜೂಕಿನ ಪದಾರ್ಥ, ಸ್ವಾಮಿ.”

“ಮಕ್ಕಳು?” ಎಂದರು ಇಂಜಿನಿಯರು.

“ಮಕ್ಕಳಿಗೆ ಬಣ್ಣ ಅಂಟಿದರೆ ತೊಳೆದರಾಯಿತು,” ಎಂದರು ಪ್ರೆಸಿಡೆಂಟರು. “ಚರಂಡಿಯ ಮಾತಿಗೆ ಅವಸರವೇನು? ಮೊದಲು ಬೇರೆ ಊರುಗಳಲ್ಲಿ ತಮ್ಮ ಸುಧಾರಣೆ ಹೇಗೆ ನಡೆದಿದೆಯೆಂದು ನೋಡಿಕೊಂಡು ಬನ್ನಿ. ಜನ ಒಪ್ಪಿರುವ ಒಂದೇ ಒಂದು ಊರನ್ನು ತೋರಿಸಿ. ನಾವೂ ಒಪ್ಪುತ್ತೇವೆ.”

೨. ಗಂಗಮ್ಮ ಹೊರಗಾದದ್ದು

ಒಪ್ಪಿದ ಊರನ್ನು ಹುಡುಕಿಕೊಂಡು ನಾವು ಮೊದಲು ಹೋದದ್ದು ಮಾಗಡಿಯ ಕಡೆಯ ಒಂದು ಹಳ್ಳಿಗೆ. ನೆರೆಯ ಊರಿನಲ್ಲಿ ಕಾಲರಾ ಕಾಣಿಸಿಕೊಂಡಿದ್ದರಿಂದ ಅಲ್ಲಿನ ಬಾವಿಗೆ ನಾವೇ ಕೆಂಪು ಔಷಧಿಯನ್ನು ಹಾಕಿ ಬಂದಿದ್ದೆವು. ಹಾಕುವ ಮೊದಲು ನಾನು ಬಾವಿಕಟ್ಟೆಯ ಮೇಲೆ ನಿಂತು, ನೀರು ಒಂದು ದಿನ ಕೆಂಪಗೆ ಕಂಡರೂ ಅಂಜಬೇಕಾಗಿಲ್ಲ, ಇನ್ನು ಮುಂದೆ ಈ ನೀರೇ ಅಮೃತವೆಂದು ಭಾಷಣ ಮಾಡಿದ್ದೆ. ಊರಿಗೆ ಊರೇ ಕೈಮುಗಿದಿತ್ತು.

ಮರಳಿ ಹೋದಾಗ ಬಾವಿಯ ಬಾಯಿಗೆ ಬೇವಿನ ಸೊಪ್ಪು ಮುಚ್ಚಿತ್ತು. ರಾಟೆಯಿಂದ ಹಗ್ಗ ಬಿಚ್ಚಿತ್ತು. ಹೆಂಗಸರು ಸಾಲಾಗಿ ಕೊಡ ಹೊತ್ತು ಊರ ಹೊರಗಿನ ಕೆರೆಕಟ್ಟೆಯ ಕಡೆಯಿಂದ ಬರುತ್ತಿದ್ದರು. ಆ ಕಟ್ಟೆಯ ನೀರಿನಲ್ಲಿ ಎಮ್ಮೆಗಳು ಮಲಗಿದ್ದವು.

ಇಂಜಿನಿಯರು ಒಬ್ಬ ಮುದುಕಿಯನ್ನು ನಿಲ್ಲಿಸಿ, “ಏಕಮ್ಮ, ಬಾವಿಯ ನೀರು ಸೇದುವುದಿಲ್ಲವೆ?” ಎಂದು ಕೇಳಿದರು.

ಮುದುಕಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಹೇಳಿದಳು: “ಗಂಗಮ್ಮ ಹೊರಗಾಗವ್ಳೆ ಸ್ವಾಮಿ. ನೀರೆಲ್ಲ ಕೆಂಪು. ಅವ್ಳೂ ಹೆಂಗಸಲ್ವಾ? ಒಸಿ ದಿನ ಸುಧಾರಿಸ್ಕೊಳ್ಳಲಿ ಬುಡಿ.”

ನಾನು ಮುಂದೆ ಬಂದು, ಅದು ಔಷಧಿಯ ಬಣ್ಣವೆಂದೂ, ರೋಗದ ಬೀಜಗಳನ್ನು ಕೊಲ್ಲುವುದೆಂದೂ ಆದಷ್ಟು ಸರಳವಾಗಿ ವಿವರಿಸಿದೆ. ಆಕೆ ಕೊಡವನ್ನು ಸೊಂಟಕ್ಕೆ ಇಳಿಸಿ ತಾಳ್ಮೆಯಿಂದ ಕೇಳಿದಳು. ಮುಗಿದ ಮೇಲೆ ನನ್ನನ್ನು ಕೆಳಗಿನಿಂದ ಮೇಲೆ ನೋಡಿ, “ನಿಂಗಿನ್ನೂ ಮದ್ವೆ ಆಗಿಲ್ಲ, ಅಲ್ವಾ ಮಗ?” ಎಂದಳು. ಸಾಲಿನಲ್ಲಿದ್ದ ಹೆಂಗಸರೆಲ್ಲ ಕೊಡ ತುಳುಕುವಂತೆ ನಕ್ಕರು.

ಅಷ್ಟರಲ್ಲಿ ಪಟೇಲರು ಓಡೋಡಿ ಬಂದರು. ಗಂಗಮ್ಮನ ದಿನಗಳು ಮುಗಿದಿದ್ದುವಂತೆ; ಅಂದು ಆಕೆಯನ್ನು ಒಳಕ್ಕೆ ಕರೆದುಕೊಳ್ಳುವ ಶಾಸ್ತ್ರ. ನಾವು ಬೇಡಬೇಡವೆನ್ನುತ್ತಿದ್ದಂತೆಯೇ ಬೇವಿನ ಸೊಪ್ಪನ್ನು ತೆಗೆದು, ಒಂದು ಹಂಡೆ ಸಗಣಿಯ ನೀರು, ಅದರ ಮೇಲೆ ಒಂದು ಚೊಂಬು ಗಂಜಳ, ಎರಡನ್ನೂ ಬಾವಿಯೊಳಗೆ ಸುರಿದರು. ಪಟೇಲರು ಹೊಸ ಹಗ್ಗದಿಂದ ಮೊದಲ ಬಿಂದಿಗೆಯನ್ನು ಸೇದಿ, ಲೋಟವನ್ನು ತುಂಬಿ, ಇಂಜಿನಿಯರ ಮುಂದೆ ಹಿಡಿದರು.

“ನೀವು ಹಾಕಿದ್ದು ಪೂರಾ ಹೋಯ್ತು ಸ್ವಾಮಿ. ಈಗ ಸುದ್ದ ಆಗೈತೆ. ಧೈರ್ಯವಾಗಿ ಕುಡೀರಿ.”

೩. ಕೈ ತೊಳೆದು ಒಳಗೆ ಬನ್ನಿ

ಕಾನಕಾನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಮೇಲೆ ಇಂಜಿನಿಯರಿಗೆ ಹೆಚ್ಚಿನ ಭರವಸೆಯಿತ್ತು. ಅಲ್ಲಿ ಅವರು ತಾವೇ ನಿಂತು ಒಂದು ಮಾದರಿ ಕಕ್ಕಸನ್ನು ಕಟ್ಟಿಸಿದ್ದರು. ಸುಣ್ಣ ಬಳಿದ ಗೋಡೆ, ಹೆಂಚಿನ ಮಾಡು, ನೊಣ ಬಾರದಂತೆ ಕಿಟಕಿಗೆ ತಂತಿಯ ಬಲೆ. ಊರಿನಲ್ಲಿ ಗೌಡರ ಮನೆಗೂ ಅಂಥ ಕಿಟಕಿಯಿರಲಿಲ್ಲ. ಅದು ಬಹಳ ಚೆನ್ನಾಗಿ ಉಪಯೋಗವಾಗುತ್ತಿದೆ, ಒಂದು ದಿನವೂ ಖಾಲಿ ಇಲ್ಲವೆಂದು ಗೌಡರು ಹೇಳಿಕಳುಹಿಸಿದ್ದರು. ಪ್ರೆಸಿಡೆಂಟರಿಗೆ ತೋರಿಸಬೇಕಾದ ಊರು ಸಿಕ್ಕಿತೆಂದು ನಾವು ಬಂಡಿ ಕಟ್ಟಿಸಿಕೊಂಡು ಹೊರಟೆವು.

ಹೋಗಿ ನೋಡಿದರೆ ಕಕ್ಕಸಿನ ಬಾಗಿಲಿಗೆ ಮಾವಿನ ತೋರಣ. ಮುಂದೆ ಸಾರಿಸಿ ರಂಗೋಲಿ. ಇಂಜಿನಿಯರ ಮುಖ ಅರಳಿತು. ಅವರು ಬಾಗಿಲಿಗೆ ಕೈಹಾಕಿದರು.

“ಮುಟ್ಬ್ಯಾಡಿ!” ಎಂದು ಗೌಡರು ಹಿಂದಿನಿಂದ ಕೂಗಿದರು. “ಚಪ್ಲಿ ಅಲ್ಲೇ ಬುಡಿ. ಕೈಕಾಲು ತೊಳ್ಕೊಂಡು ಒಳೀಕೆ ಬನ್ನಿ.”

“ಒಳಗೆ ಹೋಗುವ ಮೊದಲೆ?” ಎಂದು ಇಂಜಿನಿಯರು ಬೆರಗಾದರು. ಹೊರಗೆ ಬಂದ ಮೇಲೆ ಕೈ ತೊಳೆಯಿರೆಂದು ಹೇಳಿ ಹೇಳಿ ಅವರ ಗಂಟಲು ಒಣಗಿತ್ತು.

ನಾವು ಕೈಕಾಲು ತೊಳೆದು ಒಳಗೆ ಹೋದೆವು. ಗುಂಡಿಯ ಮೇಲೆ ಹಲಗೆ ಮುಚ್ಚಿ, ಗೋಡೆಯುದ್ದಕ್ಕೂ ಬಿದಿರಿನ ತಟ್ಟೆಗಳನ್ನು ಅಟ್ಟ ಅಟ್ಟವಾಗಿ ಜೋಡಿಸಿದ್ದರು. ತಟ್ಟೆಗಳ ತುಂಬ ರೇಷ್ಮೆಹುಳುಗಳು.

“ಮೆತ್ತಗೆ ಮಾತಾಡಿ. ಜ್ವರಕ್ಕೆ ಕೂತವೆ,” ಎಂದು ಗೌಡರು ಪಿಸುಗುಟ್ಟಿದರು. ಹುಳುಗಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ಮಲಗುವುದನ್ನು ಆ ಕಡೆಯವರು ಜ್ವರವೆನ್ನುತ್ತಾರೆ.

ಇಂಜಿನಿಯರು ತಂತಿಯ ಬಲೆಯನ್ನೇ ನೋಡುತ್ತ, “ಹಾಗಾದರೆ ಜನರು ಎಲ್ಲಿಗೆ ಹೋಗುತ್ತಾರೆ?” ಎಂದು ಪಿಸುದನಿಯಲ್ಲಿಯೇ ಕೇಳಿದರು.

“ಹಳ್ಳ ಐತಲ್ಲ.”

“ಕುಡಿಯುವ ನೀರನ್ನು ತರುವುದು?”

“ಅದೂ ಅದೇ ಹಳ್ಳದಾಗೆ. ಒಸಿ ಕೆಳೀಕೆ.”

ನಾನು ತಡೆಯಲಾರದೆ, ಮನುಷ್ಯರಿಗಾಗಿ ಕಟ್ಟಿದ್ದನ್ನು ಹುಳುಗಳಿಗೆ ಕೊಡುವುದು ಯಾವ ನ್ಯಾಯವೆಂದು ಕೇಳಿದೆ. ಗೌಡರಿಗೆ ನನ್ನ ಅಜ್ಞಾನವನ್ನು ಕಂಡು ಮರುಕವಾಯಿತು. ನನ್ನ ಹೆಗಲ ಮೇಲೆ ಕೈಯಿಟ್ಟು ಹೊರಗೆ ಕರೆತಂದು ಹೇಳಿದರು:

“ಹುಳ ಒಸಿ ಗಲೀಜಾದ್ರೂ ಸತ್ತೋಯ್ತವೆ ಸ್ವಾಮಿ. ಮನುಸ್ರು ಹಂಗಲ್ಲ. ಒಂದು ಹೋದ್ರೆ ಇನ್ನೊಂದು ಹುಟ್ತದೆ.”

ಈ ಮಾತನ್ನು ನಾನು ಚನ್ನಪಟ್ಟಣಕ್ಕೆ ಬಂದು ಗೊಂಬೆ ಸಾಹೇಬರಿಗೆ, ಅವರನ್ನು ನಗಿಸುವ ಉದ್ದೇಶದಿಂದಲೇ, ಹೇಳಿದೆ. ಅವರು ನಗಲಿಲ್ಲ. ತಿರುಗಣಿಯನ್ನು ನಿಲ್ಲಿಸಿ, “ಗೌಡ್ರು ಸುಳ್ಳಾಡಿಲ್ಲ ಬುಡಿ,” ಎಂದಷ್ಟೇ ಹೇಳಿ ಮತ್ತೆ ಬುಗುರಿ ಕಡೆಯತೊಡಗಿದರು.

೪. ಅರಗಿನ ಮುದ್ರೆಯ ಸೀಸೆ

ಒಪ್ಪಿದ ಊರು ಸಿಕ್ಕಲಿಲ್ಲ. ಬೇಸಿಗೆ ಹತ್ತಿರವಾಗುತ್ತಿತ್ತು. ಇನ್ನು ಉಳಿದದ್ದು ಮೇಲಧಿಕಾರಿಗಳ ದಾರಿ. ಕೆಳಗಿನ ಬಾವಿಯ ನೀರನ್ನು ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿ, ಅದು ಕೆಟ್ಟದ್ದೆಂದು ಬರೆಸಿಕೊಂಡುಬಿಟ್ಟರೆ ಪ್ರೆಸಿಡೆಂಟರು ಒಪ್ಪಲೇಬೇಕು. ಮೇಲಧಿಕಾರಿಗಳು ಮೈಸೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಕ್ಲೋಸ್‌ಪೇಟೆಯ ಸ್ಟೇಷನ್ನಿನಲ್ಲಿ ಸ್ವಲ್ಪ ಹೊತ್ತು ನಿಲ್ಲುವವರಿದ್ದರು.

ಇಂಜಿನಿಯರು ಸೀಸೆಯೊಂದನ್ನು ಕುದಿಸಿ, ಆರಿಸಿ, ನೀರು ತುಂಬಿಸಿ, ಬಿರಡೆ ಹಾಕಿದರು. ಗೊಂಬೆ ಸಾಹೇಬರು ಅದರ ಬಾಯಿಗೆ ತಮ್ಮ ಕೆಂಪು ಅರಗನ್ನು ಕಾಯಿಸಿ ಗಾಳಿಯಾಡದಂತೆ ಮುದ್ರೆ ಮಾಡಿದರು. ಅವರ ಕೈಗೆ ಸುಮ್ಮನೆ ಇರಲು ಬಾರದು. ಮುದ್ರೆಯ ಮೇಲೊಂದು ಹಳದಿಯ ಗೆರೆಯನ್ನೂ ಎಳೆದರು.

ಸ್ಟೇಷನ್ನಿನಲ್ಲಿ ಊರಿನ ಪ್ರಮುಖರೆಲ್ಲ ಹಾರ, ಹಣ್ಣಿನ ಬುಟ್ಟಿಗಳೊಡನೆ ನೆರೆದಿದ್ದರು. ಅಧಿಕಾರಿಗಳ ಸಮೀಪಕ್ಕೆ ಹೋಗುವಂತಿರಲಿಲ್ಲ. ಇಂಜಿನಿಯರು ಅವರ ಡವಾಲಿ ಜವಾನನ ಕೈಗೆ ಸೀಸೆಯನ್ನು ಕೊಟ್ಟು, “ಇದು ಬಹಳ ಮುಖ್ಯವಾದ ನೀರು. ಕೊಳೆ ಕೈಯಲ್ಲಿ ಮುಟ್ಟಬೇಡ. ನೆಲದ ಮೇಲಿಡಬೇಡ. ನೇರವಾಗಿ ತಲುಪಿಸು,” ಎಂದರು. ಜವಾನನು ಸೀಸೆಯನ್ನು ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡ. ಆತನ ಭಕ್ತಿ ನಮಗೆ ಆಗಲೇ ಅರ್ಥವಾಗಬೇಕಾಗಿತ್ತು.

ಅಧಿಕಾರಿಗಳು ಮತ್ತೆ ಅದೇ ದಾರಿಯಲ್ಲಿ ಬಂದಾಗ ಪ್ಲಾಟ್‌ಫಾರ್ಮಿನ ಮೇಲೆ ಇಂಜಿನಿಯರನ್ನು ತಾವಾಗಿಯೇ ಕರೆದರು. “ಜವಾನನ ಕೈಯಲ್ಲಿ ನೀವು ಕಳುಹಿಸಿದ ಶಿವಗಂಗೆಯ ತೀರ್ಥದಿಂದ ನಮ್ಮ ತಾಯಿಯವರಿಗೆ ಬಹಳ ಸಂತೋಷವಾಯಿತು. ಪೂಜೆಯಾದ ಮೇಲೆ ದಿನಕ್ಕೊಂದು ಪುಟ್ಟ ಉದ್ಧರಣೆಯಷ್ಟು ತೆಗೆದುಕೊಳ್ಳುತ್ತಾರೆ. ಮಂಡಿನೋವು ಕೂಡ ಇಳಿದಿದೆಯಂತೆ!”

ಅದು ತೀರ್ಥವಲ್ಲವೆಂದೂ, ಚರಂಡಿ ಇಂಗಿದ ಬಾವಿಯ ನೀರೆಂದೂ, ಪರೀಕ್ಷೆಗಾಗಿ ಕಳುಹಿಸಿದ್ದೆಂದೂ ಇಂಜಿನಿಯರು ತಡವರಿಸುತ್ತ ನಿಜವನ್ನು ಹೇಳಿದರು. ಅಧಿಕಾರಿಗಳು ಗಾಡಿ ಹತ್ತಿ, ಕಿಟಕಿಯಿಂದ ತೀರ್ಪು ಕೊಟ್ಟರು:

“ಅಷ್ಟು ವಯಸ್ಸಾದ ಹೆಂಗಸಿಗೇ ಏನೂ ಆಗಿಲ್ಲವೆಂದ ಮೇಲೆ ನೀರು ಒಳ್ಳೆಯದೆಂದಾಯಿತು. ಇನ್ನು ಪರೀಕ್ಷೆ ಬೇಕಾಗಿಲ್ಲ.”

ಚನ್ನಪಟ್ಟಣಕ್ಕೆ ಹಿಂದಿರುಗಿ ಇದನ್ನು ತಿಳಿಸಿದಾಗ ಗೊಂಬೆ ಸಾಹೇಬರು ಎರಡು ಕೈಗಳನ್ನೂ ಮೇಲೆತ್ತಿ, “ಆ ತಾಯಿ ನೂರು ವರ್ಸ ಬದುಕಲಿ,” ಎಂದು ಹರಸಿದರು. ಆಮೇಲೆ ಮೆಲ್ಲಗೆ, “ನಮ್ಮ ಹುಡುಗ ಚೊಂಬಲ್ಲಿ ಕುಡೀತಿದ್ದ, ಮೇಷ್ಟ್ರೇ. ಉದ್ಧರಣೆ ಇರ್ಲಿಲ್ಲ ನಮ್ಮನೇಲಿ,” ಎಂದರು.

೫. ಬಣ್ಣ

ಕೊನೆಗೆ ಇಂಜಿನಿಯರು, ಕುರುಡನಿಗೂ ಕಾಣುವಂಥ ಪ್ರಮಾಣವನ್ನು ಒದಗಿಸುತ್ತೇನೆಂದು ಹೊರಟರು. ಸಾಹೇಬರಿಂದ ಒಂದು ಕೊಡ ಕೆಂಪು ಬಣ್ಣವನ್ನು ಪಡೆದು, ಹಾಡುಹಗಲಿನಲ್ಲಿ, ಹತ್ತು ಜನರ ಎದುರಿನಲ್ಲಿ, ನೂಲಿನ ಕೊಟ್ಟಿಗೆಯ ಬಾಯಲ್ಲಿ ಚರಂಡಿಗೆ ಸುರಿದರು. ಚರಂಡಿಯ ನೀರು ಬಾವಿಗೆ ಸೇರದಿದ್ದರೆ ಬಣ್ಣವೂ ಸೇರಬಾರದು. ಕೆಲವೇ ದಿನಗಳಲ್ಲಿ ಕೆಳಗಿನ ಬಾವಿಯಿಂದ ಬಂದ ಬಿಂದಿಗೆ ನಸುಗೆಂಪಾಗಿತ್ತು. ಇಂಜಿನಿಯರು ಅಂದು ಮೊದಲ ಬಾರಿಗೆ ನನ್ನ ಬೆನ್ನು ತಟ್ಟಿದರು. “ಇನ್ನು ನಿಮ್ಮ ಕನ್ನಡವೂ ಬೇಡ, ನನ್ನ ಇಂಗ್ಲಿಷೂ ಬೇಡ. ನೀರೇ ಮಾತನಾಡಿದೆ,” ಎಂದರು.

ಮುನಿಸಿಪಾಲಿಟಿಯ ಸಭೆ ಸೇರಿತು. ಮೇಜಿನ ಮೇಲೆ ಗಾಜಿನ ಪಾತ್ರೆಯಲ್ಲಿ ಆ ಕೆಂಪು ನೀರು. ಸದಸ್ಯರೆಲ್ಲ ಅದನ್ನು ನೋಡಿದರು. ಗೊಂಬೆ ಬೀದಿಯ ಗಂಡಸರು ಬಾಗಿಲ ಬಳಿ ಗುಂಪಾಗಿ ನಿಂತಿದ್ದರು; ಸಾಹೇಬರು ಎಲ್ಲರಿಗಿಂತ ಮುಂದೆ.

ಪ್ರೆಸಿಡೆಂಟರು ಎದ್ದು ಕೇಳಿದರು: “ಬಾವಿಯ ನೀರು ಕೆಂಪಾಗಿರುವುದು ನಿಜವೆ?”

“ನಿಜ,” ಎಂದರು ಇಂಜಿನಿಯರು ಉತ್ಸಾಹದಿಂದ.

“ಬಣ್ಣವನ್ನು ಹಾಕಿದವರು ಯಾರು?”

“ನಾನು.”

“ಬಣ್ಣವನ್ನು ಕೊಟ್ಟವರು?”

“ಈ ಸಾಹೇಬರು.”

ಪ್ರೆಸಿಡೆಂಟರು ಸಭೆಯ ಕಡೆ ತಿರುಗಿದರು. “ಮಹನೀಯರೇ, ಸಾರ್ವಜನಿಕರ ಬಾವಿಯ ನೀರನ್ನು ಕೆಡಿಸಿದವರು ತಾವೇ ಒಪ್ಪಿಕೊಂಡಿದ್ದಾರೆ. ಇನ್ನು ವಿಚಾರಣೆಯ ಅಗತ್ಯವಿಲ್ಲ.”

ಇಂಜಿನಿಯರ ಪರವಾಗಿ ನಾನು ಎದ್ದೆ. ಬಣ್ಣವು ಕೇವಲ ಸಾಕ್ಷಿಯೆಂದೂ, ಬಣ್ಣ ಬಂದ ದಾರಿಯಲ್ಲಿಯೇ ಕಾಣದ ಕೊಳೆಯೂ ಬರುತ್ತಿದೆಯೆಂದೂ, ನಾನು ಕಲಿತ ಕನ್ನಡವನ್ನೆಲ್ಲ ಒಗ್ಗೂಡಿಸಿ ಹೇಳಿದೆ. ಸಭೆ ಮೆಚ್ಚಿ ತಲೆದೂಗಿತು. ಒಬ್ಬ ಸದಸ್ಯರು, “ಎಂಥ ಭಾಷೆ! ಎಂಥ ಭಾಷೆ!” ಎಂದು ಉದ್ಗರಿಸಿದರು.

ಆಮೇಲೆ ಪ್ರೆಸಿಡೆಂಟರು ಠರಾವು ಓದಿದರು. ಬಾವಿಗೆ ಬಣ್ಣ ಬೆರೆಸಿದ್ದಕ್ಕಾಗಿ ಈ ಸಭೆಯು ಇಂಜಿನಿಯರನ್ನು ಖಂಡಿಸಿದೆ. ಚರಂಡಿಯು ಹಿಂದಿನಿಂದಲೂ ಇದ್ದ ಸ್ಥಳದಲ್ಲಿಯೇ ಇರತಕ್ಕದ್ದು. ಜನರ ಆರೋಗ್ಯದ ಮೇಲಿನ ಕಳಕಳಿಯಿಂದ ಕೆಳಗಿನ ಬಾವಿಯ ಹತ್ತಿರ ‘ಈ ನೀರನ್ನು ಕುಡಿಯಬಾರದು’ ಎಂದು ಒಂದು ಹಲಗೆಯನ್ನು ನೆಡತಕ್ಕದ್ದು. ಅದನ್ನು ಇಷ್ಟು ಸೊಗಸಾದ ಕನ್ನಡ ಬಲ್ಲ ಈ ಎಂ.ಎ. ಪದವೀಧರರಿಂದಲೇ ಬರೆಯಿಸತಕ್ಕದ್ದು.

ಸಭೆ ಚಪ್ಪಾಳೆ ತಟ್ಟಿತು. ನನಗೆ ಸಿಕ್ಕಿದ ಮೊದಲ ಸಾಹಿತ್ಯ ಗೌರವ ಅದೇ.

“ಒಂದು ಮಾತು,” ಎಂದರು ಗೊಂಬೆ ಸಾಹೇಬರು.

“ತಪ್ಪೊಪ್ಪಿಗೆಯಾಗಿದ್ದರೆ ಹೇಳಿ,” ಎಂದರು ಪ್ರೆಸಿಡೆಂಟರು.

ಸಾಹೇಬರು ಮೇಜಿನ ಬಳಿಗೆ ಬಂದು ಗಾಜಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿದರು. “ನನ್ನ ಬಣ್ಣ ಎಳೆ ಮಕ್ಳು ಚೀಪೋ ಬಣ್ಣ. ಈ ನೀರಲ್ಲಿ ಚೊಕ್ಕಟವಾಗಿರೋದು ಏನಾರ ಇದ್ರೆ ಅದು ಇದೊಂದೇ.” ಯಾರೋ ನಕ್ಕರು. ಸಾಹೇಬರು ಪಾತ್ರೆಯನ್ನು ಪ್ರೆಸಿಡೆಂಟರ ಮುಂದಕ್ಕೆ ಮೆಲ್ಲಗೆ ಸರಿಸಿದರು. “ಮೇಷ್ಟ್ರು ಹಲಗೆ ಬರೀಲಿ. ನಮ್ಮ ಬೀದೀಲಿ ಓದಕ್ಕೆ ಬರೋರು ಇಲ್ಲ. ಆದ್ರೂ ಬರೀಲಿ, ಚೆಂದ ಕಾಣ್ತದೆ. ಕುಡೀಬ್ಯಾಡಿ ಅಂತ ನೀವೇ ಅಂದ ಮ್ಯಾಲೆ ನಾವು ಕುಡಿಯಾಕಿಲ್ಲ.”

“ಬಹಳ ಸಂತೋಷ,” ಎಂದರು ಪ್ರೆಸಿಡೆಂಟರು.

“ಮೇಲಿನ ಬಾವಿ ರೇಷ್ಮೆಗೆ ಅಂತೀರಿ. ಹುಳಕ್ಕೆ ಗಲೀಜು ತಾಗಬಾರದು, ಸತ್ತೋಯ್ತವೆ ಅಂತ ಆ ಹಳ್ಳಿ ಗೌಡ್ರು ಅಂದ್ರಂತೆ. ಸರಿ. ಇವತ್ತಿಂದ ನಮ್ಮ ಬೀದಿ ಮಕ್ಳನ್ನೆಲ್ಲ ರೇಷ್ಮೆ ಹುಳ ಅಂತ ಬರ್ಕೊಳ್ಳಿ.”

ಈ ಸಲ ಇಡೀ ಸಭೆ ನಕ್ಕಿತು. ಪ್ರೆಸಿಡೆಂಟರೂ ನಕ್ಕರು. ಬಾಗಿಲ ಬಳಿ ನಿಂತಿದ್ದವರಲ್ಲಿ ಒಬ್ಬನೂ ನಗುತ್ತಿಲ್ಲವೆಂಬುದು ಕಣ್ಣಿಗೆ ಬಿದ್ದಂತೆ ನಗು ಒಂದೊಂದಾಗಿ ನಿಂತಿತು. ಇಂಜಿನಿಯರು ಕುರ್ಚಿಯಿಂದೆದ್ದು, ಸದ್ದಿಲ್ಲದೆ ಹೋಗಿ ಆ ಬಾಗಿಲಿನವರ ಜೊತೆಗೆ ನಿಂತುಕೊಂಡರು. ನಾನೂ ಹೋದೆ.

ಸಾಹೇಬರು ರುಮಾಲನ್ನು ಸರಿಮಾಡಿಕೊಂಡು, ಗಿರಾಕಿಗೆ ಬುಗುರಿಯ ಬೆಲೆ ಹೇಳುವಷ್ಟು ಶಾಂತವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು:

“ನಾಳೆ ಬೆಳಿಗ್ಗೆ ನಮ್ಮ ಬೀದಿ ಪೂರಾ ಮೇಲಿನ ಬಾವೀಲಿ ನೀರು ಸೇದ್ತೀವಿ. ನಾಳಿದ್ದೂ ಸೇದ್ತೀವಿ.”